ಅರ್ಧ ಡಿಗ್ರಿಯ ತಕರಾರು: ಪ್ರಯೋಗಾಲಯದ ಭ್ರೂಣಕ್ಕೆ ಎಷ್ಟು ಕಾವು ಬೇಕು?

ದೇಹದ ಹೊರಗೆ ಅಂಡಾಣು, ವೀರ್ಯಾಣುಗಳನ್ನು ಸೇರಿಸಿ ಭ್ರೂಣ ಬೆಳೆಸುವ ಐವಿಎಫ್ ಚಿಕಿತ್ಸೆಯ ಸುದ್ದಿಗಳನ್ನು ಹಿಂಬಾಲಿಸುವವರು ಒಂದು ವಿಷಯದಲ್ಲಿ ಮತ್ತೆ ಮತ್ತೆ ಗೊಂದಲಕ್ಕೆ ಬೀಳುತ್ತಾರೆ. ಭ್ರೂಣಕ್ಕೆ ತುಸು ತಂಪೇ ಹಿತ ಎಂದು ಒಂದು ವರದಿ ಹೇಳುತ್ತದೆ. ಇನ್ನೊಂದು, 37 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಸಿದರೆ ಕೈಗೆ ಸಿಗುವ ಭ್ರೂಣಗಳೇ ಕಡಿಮೆಯಾಗುತ್ತವೆ ಎನ್ನುತ್ತದೆ. ಮೂರನೆಯದು, ಯಾವ ಕಡೆಗೂ ತೀರ್ಪು ಕೊಡುವಷ್ಟು ಪುರಾವೆ ಇಲ್ಲ ಎಂದು ಕೈಚೆಲ್ಲುತ್ತದೆ. ಚಿಕಿತ್ಸೆಗೆ ಕಾದು ಕುಳಿತ ದಂಪತಿಗೆ ಇದು ಬರೀ ಶಾಸ್ತ್ರಚರ್ಚೆಯಲ್ಲ. ತಮ್ಮ ಭ್ರೂಣ ಐದಾರು ದಿನ ಯಾವ ಕಾವು ಪೆಟ್ಟಿಗೆಯೊಳಗೆ (ಇನ್‌ಕ್ಯುಬೇಟರ್), ಎಷ್ಟು ಬಿಸಿಯಲ್ಲಿ ಇರುತ್ತದೆ ಎಂಬ ಪ್ರಶ್ನೆ ಅದು.

ಈ ಮೂರೂ ವರದಿಗಳು ಅವುಗಳ ಮಿತಿಯಲ್ಲಿ ಸರಿಯೇ. ಅವು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ ಎಂಬುದನ್ನು ಗಮನಿಸದಿದ್ದಾಗ ಗೊಂದಲ ಹುಟ್ಟುತ್ತದೆ.

37 ಎಂಬ ಅಂಕಿ ಬಂದ ದಾರಿ

ಇನ್‌ಕ್ಯುಬೇಟರ್‌ಗಳ ಮೇಲೆ ಕಾಣುವ 37.0 ಎಂಬ ಅಂಕಿಯನ್ನು ಭ್ರೂಣವನ್ನು ಅಳೆದು ಕಂಡುಕೊಂಡದ್ದಲ್ಲ. ಅದು ವಯಸ್ಕರ ದೇಹದ ಉಷ್ಣತೆಯಿಂದ ಕಡ ತಂದ ಅಂಕಿ. ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಶ್ 1868ರಲ್ಲಿ ಸುಮಾರು 25,000 ರೋಗಿಗಳ ಕಂಕುಳ ಉಷ್ಣತೆಯ ದಾಖಲೆಗಳನ್ನು ಆಧರಿಸಿ ಅದನ್ನು ಸಾಮಾನ್ಯ ಉಷ್ಣತೆ ಎಂದು ನೆಲೆಗೊಳಿಸಿದರು. 1992ರಲ್ಲಿ ಆರೋಗ್ಯವಂತ ವಯಸ್ಕರನ್ನು ಮತ್ತೆ ಅಳೆದಾಗ ಸರಾಸರಿ 36.8ರ ಆಸುಪಾಸಿನಲ್ಲಿತ್ತು. ಮನುಷ್ಯನ ಮೈ ದಿನವಿಡೀ ಒಂದೇ ಬಿಸಿಯಲ್ಲಿ ಇರುವುದೂ ಇಲ್ಲ. ನಸುಕಿನಲ್ಲಿ ಇಳಿಯುತ್ತದೆ, ಸಂಜೆ ಏರುತ್ತದೆ. ಮಹಿಳೆಯರಲ್ಲಿ ಅಂಡೋತ್ಸರ್ಗದ ನಂತರ ಪ್ರೊಜೆಸ್ಟರಾನ್ ಹಾರ್ಮೋನಿನಿಂದಾಗಿ ಇನ್ನೂ 0.3ರಿಂದ 0.5 ಡಿಗ್ರಿಯಷ್ಟು ಮೇಲೇರುತ್ತದೆ.

1978ರಲ್ಲಿ ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಜನಿಸಿ ಪ್ರನಾಳ ಶಿಶು ಎಂಬ ಮಾತು ಮನೆಮಾತಾಯಿತು. ಆ ಕಾಲದ ಸಂಶೋಧಕರ ಮುಂದಿದ್ದದ್ದು ಭ್ರೂಣವನ್ನು ಬದುಕಿಸಿಕೊಳ್ಳುವ ಸವಾಲು. 37ರಲ್ಲಿ ಅದು ಬದುಕಿತು, ಬೆಳೆಯಿತು. ಬೇರೆ ಅಂಕಿ ಹುಡುಕುವ ತುರ್ತು ಇರಲಿಲ್ಲ. ಪ್ರಾಣಿಗಳ ವಿಷಯದಲ್ಲೂ ಇದೇ ತರ್ಕ ನಡೆದಿದೆ. ಹಸುವಿನ ಮೈ 38.5 ಡಿಗ್ರಿಯ ಸುಮಾರಿಗೆ ಇರುವುದರಿಂದ ಅದರ ಭ್ರೂಣವನ್ನೂ 38.5ರ ಸುಮಾರಿಗೇ ಬೆಳೆಸುತ್ತಾರೆ.

ತಂಪಿನ ಪರವಾದ ವಾದ

ಪ್ರಶ್ನೆ ಎದ್ದದ್ದು ದೇಹದ ಒಳಗನ್ನೇ ಅಳೆದಾಗ. 1972ರಲ್ಲಿ ಮೊಲದ ಅಂಡನಾಳದ ಬೇರೆ ಬೇರೆ ಭಾಗಗಳ ಉಷ್ಣತೆ ಅಳೆದ ಸಂಶೋಧಕರಿಗೆ ಎಲ್ಲ ಕಡೆ ಒಂದೇ ಬಿಸಿ ಸಿಗಲಿಲ್ಲ. ಗರ್ಭಾಶಯಕ್ಕೆ ಹತ್ತಿರದ ಇಕ್ಕಟ್ಟಾದ ಭಾಗ ತಣ್ಣಗಿತ್ತು, ಅಂಡಾಶಯದ ಕಡೆಯ ಅಗಲ ಭಾಗ ಬೆಚ್ಚಗಿತ್ತು. 1980ರ ದಶಕದಲ್ಲಿ ಮಹಿಳೆಯರ ಅಂಡಾಶಯದಲ್ಲಿ ಅಳೆದಾಗ, ಒಡೆಯಲು ಸಿದ್ಧವಾದ ಕೋಶಕ (ಅಂಡಾಣುವನ್ನು ಹೊತ್ತ, ದ್ರವ ತುಂಬಿದ ಚೀಲ) ಸುತ್ತಲಿನ ಅಂಗಾಂಶಕ್ಕಿಂತ ಸುಮಾರು 2.3 ಡಿಗ್ರಿ ತಂಪಾಗಿತ್ತು. ಹಂದಿಗಳಲ್ಲೂ ಒಂದೂವರೆ ಡಿಗ್ರಿಯ ಆಸುಪಾಸಿನ ಅಂತರ ಕಂಡುಬಂತು. ಕೋಶಕದ ಒಳಪದರದಲ್ಲಿ ರಕ್ತನಾಳಗಳಿಲ್ಲ, ಒಳಗೆ ದ್ರವ ತುಂಬಿಕೊಳ್ಳುವಾಗ ನಡೆಯುವ ರಾಸಾಯನಿಕ ಕ್ರಿಯೆಗಳು ಶಾಖವನ್ನು ಹೀರಿಕೊಳ್ಳುತ್ತವೆ ಎಂಬುದು ಇದಕ್ಕೆ ಕೊಟ್ಟ ವಿವರಣೆ. ಅಂಡಾಣು ಪಕ್ವವಾಗುವುದು ಈ ತಂಪಿನಲ್ಲೇ ಎಂದಾದರೆ, ಪ್ರಯೋಗಾಲಯದಲ್ಲಿ 37ಕ್ಕೆ ಏಕೆ ಪಟ್ಟು ಹಿಡಿಯಬೇಕು?

ಇದಕ್ಕೆ ಇನ್ನೊಂದು ವಾದ ಜೊತೆಯಾಯಿತು. ಬ್ರಿಟನ್ನಿನ ವಿಜ್ಞಾನಿ ಹೆನ್ರಿ ಲೀಸ್ 2002ರಲ್ಲಿ ‘ಶಾಂತ ಭ್ರೂಣ’ ಎಂಬ ಊಹೆಯನ್ನು ಮುಂದಿಟ್ಟರು. ಚೆನ್ನಾಗಿ ಬದುಕುವ ಭ್ರೂಣದ ಚಯಾಪಚಯ ಅಬ್ಬರದ್ದಲ್ಲ, ಸದ್ದಿಲ್ಲದ್ದು. ಒಳಗೆ ಹಾನಿಯಾದ ಭ್ರೂಣ ಅದನ್ನು ಸರಿಪಡಿಸಿಕೊಳ್ಳಲು ಹೆಚ್ಚು ಶಕ್ತಿ ಸುಡುತ್ತದೆ. ತಾಪ ಇಳಿದರೆ ಕಿಣ್ವಗಳ ವೇಗ ಇಳಿಯುತ್ತದೆ, ಶಕ್ತಿಯ ಬಳಕೆ ತಗ್ಗುತ್ತದೆ, ಅದರ ಜೊತೆಗೆ ಹುಟ್ಟುವ ಹಾನಿಕಾರಕ ಆಮ್ಲಜನಕ ಕಣಗಳೂ ಕಡಿಮೆಯಾಗುತ್ತವೆ. ಹಾಗಾದರೆ ತುಸು ತಂಪು ಭ್ರೂಣವನ್ನು ಶಾಂತವಾಗಿ ಇಟ್ಟೀತು ಎಂಬ ನಿರೀಕ್ಷೆ ಹುಟ್ಟಿತು.

ಕೇಳಲು ಒಪ್ಪುವಂತಿದೆ, ಆದರೆ ಎರಡು ಕಡೆ ಎಡವುತ್ತದೆ. ಒಂದು, ದೇಹದೊಳಗೆ ಉಷ್ಣತೆ ಅಳೆಯುವುದೇ ಕಷ್ಟದ ಕೆಲಸ. ಹೊಟ್ಟೆ ತೆರೆದೊಡನೆ ಅಂಗಗಳು ತಣ್ಣಗಾಗತೊಡಗುತ್ತವೆ. ಆಗ ಕಂಡ ಅಂತರದಲ್ಲಿ ಸಹಜವಾದದ್ದು ಎಷ್ಟು, ತೆರೆದದ್ದರಿಂದ ಆದದ್ದು ಎಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಎರಡು, ತಂಪಾಗಿರುವುದು ಅಂಡಾಣು ಕಾದು ಕೂರುವ ಕೋಶಕ. ಫಲೀಕರಣ ನಡೆಯುವ ಜಾಗ ಅಂಡನಾಳದ ಬೆಚ್ಚಗಿನ ಕಡೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು 2003ರಲ್ಲಿ ತೋರಿಸಿದಂತೆ, ವೀರ್ಯಾಣುಗಳು ತಂಪಿನಿಂದ ಬಿಸಿಯ ಕಡೆಗೆ ಈಜಬಲ್ಲವು, ಆ ಉಷ್ಣತೆಯ ಇಳಿಜಾರನ್ನೇ ದಾರಿಯ ಗುರುತಾಗಿ ಬಳಸಬಲ್ಲವು. ದೇಹ ಒಂದೇ ತಾಪವನ್ನು ಕಾಪಾಡುತ್ತಿಲ್ಲ, ಹಂತಕ್ಕೊಂದು ಹದ ಕೊಡುತ್ತಿದೆ ಎಂದಾದರೆ, 37ನ್ನು ಕಿತ್ತು ಆ ಜಾಗದಲ್ಲಿ 36.5ನ್ನು ಕೂರಿಸಿದರೆ ದೇಹವನ್ನು ಅನುಕರಿಸಿದಂತಾಗುವುದಿಲ್ಲ.

ಎದುರುಬದುರು ಇಟ್ಟು ನೋಡಿದಾಗ

ವಾದ ಎಷ್ಟೇ ಚೆನ್ನಾಗಿರಲಿ, ಪರೀಕ್ಷೆಯಲ್ಲಿ ನಿಲ್ಲಬೇಕು. 2014ರಲ್ಲಿ ಪ್ರಕಟವಾದ ಒಂದು ಯಾದೃಚ್ಛಿಕ ಪ್ರಯೋಗ (ಯಾವುದು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸುವ ಪ್ರಯೋಗ) ಇಲ್ಲಿ ಮುಖ್ಯ. 52 ದಂಪತಿಗಳ ಸುಮಾರು 800 ಅಂಡಾಣುಗಳನ್ನು ತೆಗೆದುಕೊಂಡು, ಪ್ರತಿ ಮಹಿಳೆಯ ಅಂಡಾಣುಗಳನ್ನು ಎರಡು ಪಾಲು ಮಾಡಿ, ಒಂದನ್ನು 36ರಲ್ಲಿ, ಇನ್ನೊಂದನ್ನು 37ರಲ್ಲಿ ಬೆಳೆಸಿದರು. ಒಡಹುಟ್ಟಿದ ಅಂಡಾಣುಗಳನ್ನೇ ಹೋಲಿಸಿದ್ದರಿಂದ ವಯಸ್ಸು, ಆರೋಗ್ಯ, ಔಷಧಿಗಳ ವ್ಯತ್ಯಾಸ ಅಡ್ಡ ಬರಲಿಲ್ಲ.

ಫಲೀಕರಣದ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ವರ್ಣತಂತುಗಳ ಸಂಖ್ಯೆಯ ದೋಷವೂ ಅಷ್ಟೇ. ವ್ಯತ್ಯಾಸ ಕಂಡದ್ದು ಬೆಳವಣಿಗೆಯ ವೇಗದಲ್ಲಿ. 37ರ ಭ್ರೂಣಗಳಲ್ಲಿ ಮೂರನೆಯ ದಿನ ಜೀವಕೋಶಗಳು ಹೆಚ್ಚಿದ್ದವು, ಬಳಸಬಹುದಾದ ಬ್ಲಾಸ್ಟೊಸಿಸ್ಟ್ ಹಂತ (ಐದಾರು ದಿನದ, ಗರ್ಭಕ್ಕೆ ಸೇರಿಸಲು ಸಿದ್ಧವಾದ ಭ್ರೂಣ) ಮುಟ್ಟಿದವುಗಳ ಪಾಲೂ ಹೆಚ್ಚಿತ್ತು. ಆದರೆ ಆಯ್ದ ಭ್ರೂಣವನ್ನು ಗರ್ಭಕ್ಕೆ ಸೇರಿಸಿದ ಮೇಲೆ ಅದು ಕಚ್ಚಿಕೊಂಡು ಉಳಿಯುವ ಸಾಧ್ಯತೆಯಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ.

ಪತ್ರಿಕಾ ವರದಿಗಳು ಕವಲೊಡೆಯುವುದು ಇಲ್ಲಿಯೇ. ಭ್ರೂಣಗಳನ್ನು ಎಣಿಸಿದವರಿಗೆ 37 ಗೆದ್ದಿದೆ. ಗರ್ಭ ನಿಂತದ್ದನ್ನು ಎಣಿಸಿದವರಿಗೆ ಪಂದ್ಯ ಸಮವಾಗಿದೆ. ಎರಡೂ ನಿಜ. ಭ್ರೂಣಗಳ ಸಂಖ್ಯೆಯನ್ನು ಕಡೆಗಣಿಸಬಾರದು ಎಂಬುದು ಈ ಲೇಖನದ ನಿಲುವು. ಹದಿನೈದು ಅಂಡಾಣು ಸಿಕ್ಕವರಿಗೆ ಒಂದು ಬ್ಲಾಸ್ಟೊಸಿಸ್ಟ್ ಕಡಿಮೆಯಾದರೆ ಅಷ್ಟಾಗಿ ಗೊತ್ತಾಗದು. ಮೂರೇ ಸಿಕ್ಕವರಿಗೆ ಆ ಒಂದರ ಮೇಲೆಯೇ ಇಡೀ ಚಿಕಿತ್ಸೆ ನಿಂತಿರಬಹುದು.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ಭ್ರೂಣದ ಗುಣಮಟ್ಟವನ್ನು ಗಡಿಯಾರ ನೋಡಿ ಅಳೆಯುತ್ತಾರೆ. 44 ಗಂಟೆಗೆ ನಾಲ್ಕು ಜೀವಕೋಶ, 68 ಗಂಟೆಗೆ ಎಂಟು, 116 ಗಂಟೆಯ ಹೊತ್ತಿಗೆ ಬ್ಲಾಸ್ಟೊಸಿಸ್ಟ್ ಎಂಬುದು 2011ರಲ್ಲಿ ತಜ್ಞರು ಒಪ್ಪಿಕೊಂಡ ಅಳತೆಗೋಲು. ಈ ವೇಳಾಪಟ್ಟಿ ರೂಪುಗೊಂಡದ್ದು 37 ಡಿಗ್ರಿಯನ್ನೇ ವಾಡಿಕೆ ಮಾಡಿಕೊಂಡ ಪ್ರಯೋಗಾಲಯಗಳ ಅನುಭವದಿಂದ. ಒಂದು ಡಿಗ್ರಿ ತಂಪಿನಲ್ಲಿ ನಿಧಾನವಾಗಿ ಆದರೆ ಸರಿಯಾಗಿಯೇ ಬೆಳೆಯುವ ಭ್ರೂಣ ಈ ಗಡಿಯಾರದ ಮುಂದೆ ಹಿಂದುಳಿದದ್ದಾಗಿ ಕಾಣಬಹುದು. 37ರ ಗೆಲುವಿನಲ್ಲಿ ಒಂದು ಪಾಲು ಅಳತೆಗೋಲಿನದ್ದೂ ಆಗಿರಬಹುದು ಎಂಬ ಎಚ್ಚರ ಬೇಕು.

2019ರಲ್ಲಿ, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆ ಎಲ್ಲ ಯಾದೃಚ್ಛಿಕ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಲೆಕ್ಕಕ್ಕೆ ಸಿಕ್ಕದ್ದು ಮೂರೇ ಪ್ರಯೋಗ, ಒಟ್ಟು 563 ಮಹಿಳೆಯರು. ಒಂದರಲ್ಲಿ 36, ಇನ್ನೊಂದರಲ್ಲಿ 36.5, ಮತ್ತೊಂದರಲ್ಲಿ 36.6 ಡಿಗ್ರಿಯನ್ನು 37 ಅಥವಾ 37.1ರ ಎದುರು ಇಟ್ಟಿದ್ದರು. ಪುರಾವೆ ದುರ್ಬಲ, ಯಾವುದನ್ನೂ ಶಿಫಾರಸು ಮಾಡಲಾಗದು ಎಂಬುದು ಅದರ ನಿರ್ಣಯ. ಇದನ್ನು ‘ವ್ಯತ್ಯಾಸವೇ ಇಲ್ಲ’ ಎಂದು ಓದಿದರೆ ತಪ್ಪಾಗುತ್ತದೆ. ಒಂದು ಸರಳ ಲೆಕ್ಕ ಮಾಡಿ ನೋಡಬಹುದು. ಜೀವಂತ ಜನನದ ಪ್ರಮಾಣ ನೂರಕ್ಕೆ 30ರಿಂದ 35ಕ್ಕೆ ಏರುತ್ತದೆಯೇ ಎಂದು ವಾಡಿಕೆಯ ಸಂಖ್ಯಾಶಾಸ್ತ್ರೀಯ ಖಚಿತತೆಯಲ್ಲಿ ತಿಳಿಯಬೇಕಾದರೆ ಒಂದೊಂದು ಗುಂಪಿನಲ್ಲೂ ಸುಮಾರು 1,400 ಮಹಿಳೆಯರು ಬೇಕು. ಮೂರು ಪ್ರಯೋಗ ಸೇರಿದರೂ ಸಿಕ್ಕದ್ದು 563. ಅಷ್ಟು ಚಿಕ್ಕ ಬಲೆಯಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಸಿಕ್ಕಿಬೀಳುವ ಸಂಭವ ಕಡಿಮೆ.

ಅಂಡಾಣುವಿನೊಳಗಿನ ಕದಿರು

ಅರ್ಧ ಡಿಗ್ರಿಯ ತಕರಾರು ಹೀಗೆ ತೀರದೆ ಉಳಿದಿರುವಾಗ, ದೊಡ್ಡ ಏರಿಳಿತದ ವಿಷಯದಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಅದನ್ನು ಅರಿಯಲು ಅಂಡಾಣುವಿನ ಒಳಗೆ ಇಣುಕಬೇಕು.

ಪಕ್ವ ಅಂಡಾಣುವಿನ ಅಡ್ಡಳತೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರ ಅಂಚಿನಲ್ಲಿ ನೂಲುವ ಕದಿರಿನ ಆಕಾರದ ಒಂದು ರಚನೆ ಇದೆ. ನಡುವೆ ಉಬ್ಬು, ಎರಡು ತುದಿಗಳಲ್ಲಿ ಸಪೂರ. ಟ್ಯೂಬುಲಿನ್ ಎಂಬ ಪ್ರೊಟೀನಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ಸೂಕ್ಷ್ಮ ನಾಳಗಳಿಂದ ಅದು ಕಟ್ಟಿಕೊಂಡಿರುತ್ತದೆ. ವರ್ಣತಂತುಗಳು ಅದರ ನಡುಸೊಂಟದಲ್ಲಿ ಸಾಲಾಗಿ ನಿಂತು, ಎರಡು ಪಾಲಾಗುವ ಗಳಿಗೆಗೆ ಕಾಯುತ್ತಿರುತ್ತವೆ. ವೀರ್ಯಾಣು ಒಳಬಂದಾಗ ಅವುಗಳನ್ನು ಸರಿಪಾಲು ಮಾಡಿ ಎಳೆಯುವುದು ಈ ಎಳೆಗಳ ಕೆಲಸ.

ಈ ನಾಳಗಳು ನಿಂತಿರುವುದೇ ಬಿಸಿಯ ಆಸರೆಯಲ್ಲಿ. ತಾಪ ಇಳಿದರೆ ಬಿಲ್ಲೆಗಳು ಕಳಚಿಕೊಳ್ಳುತ್ತವೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬೆಚ್ಚಗಿದ್ದಾಗ ಮಿನುಗುತ್ತಿದ್ದ ಕದಿರು ಅಂಡಾಣು ತಣ್ಣಗಾಗುತ್ತ ಹೋದಂತೆ ಕೆಲವೇ ನಿಮಿಷಗಳಲ್ಲಿ ಮಸುಕಾಗಿ ಕರಗಿಹೋಗುತ್ತದೆ. ಮತ್ತೆ ಬಿಸಿ ಕೊಟ್ಟರೆ ಕೆಲವಲ್ಲಿ ಮರಳಿ ಮೂಡುತ್ತದೆ, ಕೆಲವಲ್ಲಿ ಅರೆಬರೆಯಾಗಿ ಮೂಡುತ್ತದೆ, ಕೆಲವಲ್ಲಿ ಮೂಡುವುದೇ ಇಲ್ಲ. ಕೊಠಡಿಯ ಸಾಮಾನ್ಯ ತಾಪದಲ್ಲಿ 10 ನಿಮಿಷ ಇಟ್ಟರೂ ಮನುಷ್ಯರ ಅಂಡಾಣುವಿನ ಕದಿರಿಗೆ ಸರಿಪಡಿಸಲಾಗದ ಹಾನಿ ಆಗಬಹುದು ಎಂದು 1990ರಲ್ಲೇ ತೋರಿಸಲಾಗಿತ್ತು. ಕದಿರು ಕೆಟ್ಟರೆ ವರ್ಣತಂತುಗಳು ಚದುರುತ್ತವೆ, ಪಾಲು ತಪ್ಪುತ್ತದೆ. ಒಂದು ಹೆಚ್ಚೋ ಒಂದು ಕಡಿಮೆಯೋ ಆದ ಭ್ರೂಣ ಹೆಚ್ಚಿನ ಸಂದರ್ಭಗಳಲ್ಲಿ ಬೆಳೆಯದೆ ನಿಲ್ಲುತ್ತದೆ, ಇಲ್ಲವೇ ಗರ್ಭಪಾತದಲ್ಲಿ ಕೊನೆಯಾಗುತ್ತದೆ.

ಇದರ ಮರುಮುಖವೂ ಪರೀಕ್ಷೆಗೆ ಒಳಪಟ್ಟಿದೆ. ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನದಲ್ಲಿ ತಾಪವನ್ನು ಬಿಗಿಯಾಗಿ ಕಾಯ್ದುಕೊಂಡಾಗ ಕದಿರು ಸ್ಥಿರವಾಗಿ ನಿಂತಿತು, ಫಲೀಕರಣ ಮತ್ತು ಗರ್ಭಧಾರಣೆಯ ಪ್ರಮಾಣ ಎರಡೂ ಸುಧಾರಿಸಿದವು ಎಂದು 2002ರ ಅಧ್ಯಯನವೊಂದು ವರದಿ ಮಾಡಿತು. ಇನ್‌ಕ್ಯುಬೇಟರಿನ ಒಳಗೆ 36.5 ಇರಬೇಕೋ 37 ಇರಬೇಕೋ ಎಂಬುದಕ್ಕಿಂತ, ಅದರ ಹೊರಗೆ ಕಳೆಯುವ ಕೆಲವು ನಿಮಿಷಗಳು ತೂಕದವು ಎಂದು ಹೇಳುವುದು ಈ ಕಾರಣಕ್ಕೆ.

ಹಾಗಾದರೆ ಮೈನಸ್ 196ರಲ್ಲಿ ಉಳಿಯುವುದು ಹೇಗೆ?

25 ಡಿಗ್ರಿಗೇ ಹಾಳಾಗುವ ಅಂಡಾಣುವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡುತ್ತಾರಲ್ಲ ಎಂಬ ಪ್ರಶ್ನೆ ಸಹಜ. ಅಲ್ಲಿ ನಡೆಯುವುದು ಬರೀ ತಣ್ಣಗಾಗಿಸುವಿಕೆಯಲ್ಲ. ಮೊದಲು ಜೀವಕೋಶದ ನೀರನ್ನು ಹೊರಗೆಳೆದು ರಕ್ಷಕ ದ್ರಾವಣ ತುಂಬುತ್ತಾರೆ. ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ಗಾಜಿನಂತೆ ಗಟ್ಟಿಯಾಗಿಸುತ್ತಾರೆ. ಅಪಾಯ ಇರುವುದು ನಡುವಿನ ತಾಪಗಳಲ್ಲಿ ತಡೆದು ನಿಲ್ಲುವುದರಲ್ಲಿ. ಈ ವಿಧಾನದಲ್ಲಿ ಅಲ್ಲಿ ನಿಲ್ಲಲು ಸಮಯವೇ ಸಿಗುವುದಿಲ್ಲ. ತಳಕ್ಕೆ ಹೋದ ಮೇಲೆ ರಾಸಾಯನಿಕ ಕ್ರಿಯೆಗಳೇ ನಿಂತುಬಿಡುವುದರಿಂದ ಕೆಡುವುದಕ್ಕೆ ಏನೂ ಇರುವುದಿಲ್ಲ. ಹೊರತೆಗೆದ ಅಂಡಾಣುವಿಗೆ ಕದಿರು ಮತ್ತೆ ಕಟ್ಟಿಕೊಳ್ಳಲೆಂದು ಎರಡು ಮೂರು ಗಂಟೆ ಬೆಚ್ಚಗೆ ಬಿಟ್ಟು, ನಂತರವೇ ಫಲೀಕರಣಕ್ಕೆ ಮುಂದಾಗುತ್ತಾರೆ.

ಮೇಲಿನ ಅಂಚು ಹತ್ತಿರದಲ್ಲಿದೆ

ತಂಪಿನ ಕಡೆಗೆ ಒಂದು ಡಿಗ್ರಿ ಸರಿದರೆ ಬೆಳವಣಿಗೆ ನಿಧಾನವಾಗುತ್ತದೆ. ಬಿಸಿಯ ಕಡೆಗೆ ಸರಿಯುವುದು ಅಷ್ಟು ಸೌಮ್ಯವಲ್ಲ. ತಾಪ ಹೆಚ್ಚಿದಂತೆ ಪ್ರೊಟೀನುಗಳ ಮಡಿಕೆ ಬಿಚ್ಚುತ್ತದೆ, 40ರ ಹತ್ತಿರ ಕದಿರಿನ ಎಳೆಗಳೂ ಸಡಿಲವಾಗುತ್ತವೆ. ವಯಸ್ಕ ಜೀವಕೋಶ ಇಂಥ ಹೊತ್ತಿನಲ್ಲಿ ಶಾಖರಕ್ಷಕ ಪ್ರೊಟೀನುಗಳನ್ನು ತಯಾರಿಸಿಕೊಂಡು ಬಿಚ್ಚಿದ ಮಡಿಕೆಗಳನ್ನು ಮತ್ತೆ ಕೂಡಿಸುತ್ತದೆ. ಎಳೆಯ ಭ್ರೂಣಕ್ಕೆ ಆ ಸೌಲಭ್ಯ ಇನ್ನೂ ಬಂದಿರುವುದಿಲ್ಲ.

ಮನುಷ್ಯ ಭ್ರೂಣದ ಸ್ವಂತ ಜೀನುಗಳು ದೊಡ್ಡ ಪ್ರಮಾಣದಲ್ಲಿ ಕೆಲಸ ಶುರುಮಾಡುವುದು ನಾಲ್ಕರಿಂದ ಎಂಟು ಜೀವಕೋಶಗಳ ಹಂತದಲ್ಲಿ ಎಂದು 1988ರಲ್ಲಿ ಗೊತ್ತಾಯಿತು. ಅಲ್ಲಿಯವರೆಗೆ ಅದು ಬದುಕುವುದು ತಾಯಿಯ ಅಂಡಾಣು ಕಟ್ಟಿಕೊಟ್ಟ ಬುತ್ತಿಯ ಮೇಲೆ. ಹೊಸ ಆಪತ್ತಿಗೆ ಹೊಸ ಪ್ರೊಟೀನು ತಯಾರಿಸಲು ಅದಕ್ಕೆ ಹೆಚ್ಚಿನ ಅವಕಾಶವಿಲ್ಲ. ಹಸುವಿನ ಭ್ರೂಣಗಳಲ್ಲಿ ಇದು ನಿಚ್ಚಳವಾಗಿ ಕಂಡಿದೆ. 41 ಡಿಗ್ರಿಯ ಬಿಸಿಗೆ ಎರಡು ಜೀವಕೋಶದ ಭ್ರೂಣ ಬಹುಬೇಗ ಸೋಲುತ್ತದೆ, ಕೆಲವು ದಿನ ಕಳೆದ ಭ್ರೂಣ ಅದೇ ಬಿಸಿಯನ್ನು ಹೆಚ್ಚು ತಾಳಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹಸುಗಳು ಗಬ್ಬ ಕಟ್ಟುವುದು ಕಡಿಮೆಯಾಗುವುದಕ್ಕೂ ಇದು ಒಂದು ಕಾರಣ.

37ರಿಂದ ಒಂದು ಡಿಗ್ರಿ ಕೆಳಗೆ ಹೋದಾಗ ಆಗುವ ನಷ್ಟವೂ ಒಂದೆರಡು ಡಿಗ್ರಿ ಮೇಲೆ ಹೋದಾಗ ಆಗುವ ನಷ್ಟವೂ ಸಮವಲ್ಲ. ಹಾಗಾಗಿ ತಪ್ಪಾಗುವುದಾದರೆ ಕೆಳಗಿನ ಕಡೆಗೇ ಆಗಲಿ ಎಂದು 37ಕ್ಕಿಂತ ಒಂದಿಷ್ಟು ಕೆಳಗೆ ಹೊಂದಿಸುವುದು ಅಂಜುಬುರುಕತನವಲ್ಲ, ಸಮಂಜಸ ಮುನ್ನೆಚ್ಚರಿಕೆ.

(ಹಲವು ಜಾತಿಯ ಆಮೆಗಳಲ್ಲಿ ಮೊಟ್ಟೆಯ ಕಾವು ಮರಿಯ ಲಿಂಗವನ್ನು ನಿರ್ಧರಿಸುತ್ತದೆ ಎಂದು ಓದಿದವರು ಮನುಷ್ಯರಲ್ಲೂ ಹಾಗೇನಾದರೂ ಇದೆಯೇ ಎಂದು ಕೇಳುವುದುಂಟು. ಇಲ್ಲ. ಮನುಷ್ಯರಲ್ಲಿ ಅದು ವೀರ್ಯಾಣು ತರುವ ವರ್ಣತಂತುವಿನಿಂದ ಫಲೀಕರಣದ ಗಳಿಗೆಯಲ್ಲೇ ತೀರ್ಮಾನವಾಗಿರುತ್ತದೆ.)

ಪರದೆಯ ಅಂಕಿ, ಹನಿಯ ಅಂಕಿ

ಭ್ರೂಣ ಇರುವುದು ಇನ್‌ಕ್ಯುಬೇಟರಿನ ಗಾಳಿಯಲ್ಲಲ್ಲ. ಪ್ಲಾಸ್ಟಿಕ್ ತಟ್ಟೆಯಲ್ಲಿ, ಎಣ್ಣೆಯ ಪದರದಡಿ, ಹತ್ತಾರು ಮೈಕ್ರೋಲೀಟರಿನ ಒಂದು ಪುಟ್ಟ ಹನಿಯೊಳಗೆ. ಪರದೆಯ ಮೇಲೆ ಕಾಣುವ 37.0 ಯಂತ್ರದ ಸಂವೇದಕ ಕೂತ ಜಾಗದ ಉಷ್ಣತೆ. ತಟ್ಟೆಯ ತಳ ಬಿಸಿಫಲಕಕ್ಕೆ ಪೂರ್ತಿ ತಾಗದೆ ಕೂದಲೆಳೆಯಷ್ಟು ಗಾಳಿ ನಡುವೆ ಉಳಿದರೂ ಹನಿಯ ತಾಪ ಬೇರೆಯಾಗುತ್ತದೆ. ಸೂಕ್ಷ್ಮದರ್ಶಕದ ಬಿಸಿ ಮೇಜಿನ ಮೇಲೆ ಹನಿ 37ಕ್ಕೆ ಬರಬೇಕಾದರೆ ಮೇಜನ್ನು 37ಕ್ಕಿಂತ ಮೇಲೆ ಹೊಂದಿಸಬೇಕಾಗಿ ಬರುತ್ತದೆ. ಎಷ್ಟು ಮೇಲೆ ಎಂಬುದು ತಟ್ಟೆಯ ದಪ್ಪ, ಎಣ್ಣೆಯ ಪ್ರಮಾಣ, ಕೊಠಡಿಯ ಗಾಳಿಯ ಹರಿವನ್ನು ಅವಲಂಬಿಸಿ ಬದಲಾಗುತ್ತದೆ. ಅದನ್ನು ತಿಳಿಯಲು ಇರುವ ದಾರಿ ಒಂದೇ: ಭ್ರೂಣವಿಲ್ಲದ ಅದೇ ಬಗೆಯ ತಟ್ಟೆಯ ಹನಿಯೊಳಗೆ ನೂಲಿನಷ್ಟು ತೆಳುವಾದ ತಾಪಮಾಪಕ ಇಳಿಸಿ ನೋಡುವುದು.

ಇದರಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಒಂದು ಪ್ರಯೋಗಾಲಯದ ‘37’ ಮತ್ತೊಂದರ ‘36.6’ ಹನಿಯ ಮಟ್ಟದಲ್ಲಿ ಒಂದೇ ಆಗಿರಬಹುದು. ಅರ್ಧ ಡಿಗ್ರಿಯ ವಾದ ನಡೆಸುವ ಮೊದಲು ಅರ್ಧ ಡಿಗ್ರಿಯನ್ನು ನಂಬಿಕೆಯಿಂದ ಅಳೆಯಲು ಬರಬೇಕು.

ತಾಪ ಒಂಟಿಯಾಗಿಯೂ ಕೆಲಸ ಮಾಡುವುದಿಲ್ಲ. ದ್ರಾವಣ ಬಿಸಿಯಾದಷ್ಟೂ ಅದರಲ್ಲಿ ಕರಗುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಭ್ರೂಣದ ದ್ರಾವಣದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮಟ್ಟವನ್ನು 7.2ರಿಂದ 7.4ರ ನಡುವೆ ಹಿಡಿದಿಡುವುದು ಈ ಅನಿಲವೇ ಆದ್ದರಿಂದ, ತಾಪ ಬದಲಾದರೆ ಪಿಎಚ್ ಕೂಡ ಸರಿಯುತ್ತದೆ. ತೇವಾಂಶವಿಲ್ಲದ ಇನ್‌ಕ್ಯುಬೇಟರಿನಲ್ಲಿ ನೀರು ನಿಧಾನವಾಗಿ ಆರಿ ದ್ರಾವಣದ ಲವಣಾಂಶ ಗಟ್ಟಿಯಾಗುತ್ತದೆ. ತಾಪವನ್ನಷ್ಟೇ ಬದಲಿಸಿದೆವು ಎಂದು ನಂಬಿದ ಪ್ರಯೋಗದಲ್ಲಿ ಅರಿವಿಲ್ಲದೆ ಪಿಎಚ್ ಕೂಡ ಬದಲಾಗಿರಬಹುದು. ಅನಿಲದ ಪ್ರಮಾಣವನ್ನು ಪ್ರತಿ ತಾಪಕ್ಕೂ ಬೇರೆಯಾಗಿ ಹೊಂದಿಸದ ಹೋಲಿಕೆಯನ್ನು ಅನುಮಾನದಿಂದಲೇ ಓದಬೇಕು.

ಇದರಿಂದ ಏನು ಬದಲಾಗುತ್ತದೆ

ಪ್ರಯೋಗಾಲಯಗಳು ಸ್ಥಿರತೆಯ ಕಡೆಗೆ ಆಗಲೇ ಹೊರಳಿವೆ. ಪದೇ ಪದೇ ಬಾಗಿಲು ತೆರೆಯಬೇಕಾದ ದೊಡ್ಡ ಪೆಟ್ಟಿಗೆಗಳ ಜಾಗಕ್ಕೆ, ಒಬ್ಬೊಬ್ಬರ ಭ್ರೂಣಕ್ಕೆ ಒಂದೊಂದು ಗೂಡು ಇರುವ, ತೆರೆದರೂ ಬೇಗ ಮತ್ತೆ ಬಿಸಿಯಾಗುವ ಚಿಕ್ಕ ಇನ್‌ಕ್ಯುಬೇಟರ್‌ಗಳು ಬಂದಿವೆ. ಭ್ರೂಣವನ್ನು ಹೊರತೆಗೆಯದೆ ಒಳಗಿನ ಕ್ಯಾಮೆರಾದಿಂದಲೇ ನೋಡುವ ಟೈಮ್-ಲ್ಯಾಪ್ಸ್ ಯಂತ್ರಗಳೂ ಬಂದಿವೆ. ಆದರೆ ಯಂತ್ರ ಬಂದ ಮಾತ್ರಕ್ಕೆ ಮಕ್ಕಳು ಹೆಚ್ಚು ಹುಟ್ಟುತ್ತಾರೆ ಎಂದಲ್ಲ. 2024ರಲ್ಲಿ ಪ್ರಕಟವಾದ, 1,575 ಮಂದಿಯನ್ನು ಒಳಗೊಂಡ ಬಹುಕೇಂದ್ರ ಪ್ರಯೋಗದಲ್ಲಿ ಟೈಮ್-ಲ್ಯಾಪ್ಸ್ ಯಂತ್ರ ಬಳಸಿದ ಗುಂಪುಗಳಿಗೂ ಸಾಮಾನ್ಯ ಆರೈಕೆಯ ಗುಂಪಿಗೂ ಜೀವಂತ ಜನನದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚೆನ್ನಾಗಿ ನಡೆಯುವ ಪ್ರಯೋಗಾಲಯ ಆಗಲೇ ತಾಪವನ್ನು ಕಾಯ್ದುಕೊಳ್ಳುತ್ತಿದ್ದರೆ, ಹೊಸ ಪೆಟ್ಟಿಗೆ ಅದಕ್ಕೆ ಸೇರಿಸುವುದು ಕಡಿಮೆ. ಹೆಚ್ಚುವರಿ ಹಣ ಕೇಳುವ ಯಾವುದೇ ‘ವಿಶೇಷ ತಾಪ’ದ ಭರವಸೆಯನ್ನು ಈ ಹಿನ್ನೆಲೆಯಲ್ಲಿಟ್ಟು ತೂಗಬೇಕು.

ಸಂಶೋಧನೆಯ ಕಡೆಯಿಂದ ಆಗಬೇಕಾದ ಕೆಲಸ ಎರಡು. ಸಾವಿರಗಟ್ಟಲೆ ಮಹಿಳೆಯರನ್ನು ಒಳಗೊಂಡು, ಹನಿಯ ತಾಪವನ್ನೇ ಅಳೆದು, ಹುಟ್ಟಿದ ಮಗುವನ್ನು ಎಣಿಸುವ ಪ್ರಯೋಗ ಒಂದು. ಅಂಡಾಣುವಿಗೆ ಒಂದು ಹದ, ಮೊದಲ ಮೂರು ದಿನಕ್ಕೆ ಇನ್ನೊಂದು, ಆಮೇಲೆ ಮತ್ತೊಂದು ಎಂದು ದೇಹದ ನಡೆಯನ್ನು ಹಿಂಬಾಲಿಸಿ ನೋಡುವುದು ಇನ್ನೊಂದು. ಎರಡನೆಯದು ನಿಜಕ್ಕೂ ಆಸಕ್ತಿಯ ದಾರಿ. ಒಂದೇ ಸರಿಯಾದ ಅಂಕಿ ಇದೆ ಎಂಬ ನಂಬಿಕೆಯನ್ನೇ ಅದು ಪ್ರಶ್ನಿಸುತ್ತದೆ.

ಅಲ್ಲಿಯವರೆಗೆ, ಚಿಕಿತ್ಸೆಗೆ ಹೋಗುವ ದಂಪತಿ ‘ನಿಮ್ಮ ಇನ್‌ಕ್ಯುಬೇಟರ್ ಎಷ್ಟು ಡಿಗ್ರಿ?’ ಎಂದು ಕೇಳಿದರೆ 37 ಎಂಬ ಉತ್ತರ ಬರುತ್ತದೆ, ಅದರಿಂದ ತಿಳಿಯುವುದು ಸ್ವಲ್ಪವೇ. ತಾಪವನ್ನು ಹನಿಯೊಳಗೆ ಅಳೆಯುತ್ತೀರಾ, ಯಂತ್ರದ ಪರದೆಯನ್ನು ಬೇರೊಂದು ಮಾಪಕದಿಂದ ಎಷ್ಟು ದಿನಕ್ಕೊಮ್ಮೆ ತಾಳೆ ನೋಡುತ್ತೀರಿ, ಅಂಡಾಣು ಹೊರತೆಗೆದ ಕ್ಷಣದಿಂದ ಇನ್‌ಕ್ಯುಬೇಟರ್ ಸೇರುವವರೆಗೆ ಬಿಸಿಯನ್ನು ಹೇಗೆ ಕಾಯುತ್ತೀರಿ, ರಾತ್ರಿ ಯಂತ್ರ ಕೆಟ್ಟರೆ ಯಾರ ಫೋನಿಗೆ ಎಚ್ಚರಿಕೆ ಹೋಗುತ್ತದೆ ಎಂದು ಕೇಳಿದರೆ ಒಳ್ಳೆಯ ಭ್ರೂಣತಜ್ಞರು ಬೇಸರಪಡುವುದಿಲ್ಲ. ದಾಖಲೆ ಪುಸ್ತಕ ತೆರೆದು ತೋರಿಸುತ್ತಾರೆ.